ಎರಡು ಸಲ ಅದ್ದಿದ ಅಂಗಿ

ಇಳಕಲ್
೨೦ ಜನವರಿ ೨೦೨೫

ಚೇತಿ,

ಕಾಗದ ಬರೆಯುವಾಗ ಮೊದಲು ಕ್ಷೇಮ ಸಮಾಚಾರ ಬರೆಯಬೇಕು ಅಂತ ಗುಡೂರಿನ ಸಾಲಿಯಲ್ಲಿ ಮಾಸ್ತರರು ಕಲಿಸಿದ್ದರು. ನಾಲ್ಕನೆಯ ಇಯತ್ತೆಗೆ ಬಿಟ್ಟವಳಿಗೆ ಅಷ್ಟಾದರೂ ನೆನಪಿದೆ. ಆದರೆ ನನ್ನ ಮೊಳಕಾಲು ಕ್ಷೇಮವಿಲ್ಲ, ಕಿವಿ ಮೊದಲೇ ಇಲ್ಲ, ಉಳಿದದ್ದು ನೆಟ್ಟಗಿದೆ. ಬಾಯಿ ಭಾಳ ನೆಟ್ಟಗಿದೆ ಅಂತ ನನ್ನ ಮಗ, ನಿಮ್ಮಪ್ಪ, ಅನ್ನುತ್ತಾನೆ.

ಫೋನು ಮಾಡಬೇಡ. ಎದುರಿಗೆ ನಿಂತು ಒದರಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಫೋನಿನಲ್ಲಿ ನೀನು ಮಾತಾಡಿದರೆ ಡಬ್ಬಿಯಲ್ಲಿ ನೊಣ ಹೊಕ್ಕಂತೆ ಆಗುತ್ತದೆ. ಮೆಸೇಜು ಕಳಿಸಿದರೆ ನಿಮ್ಮಪ್ಪ ಶಂಭುನೇ ಓದಿ ಹೇಳಬೇಕು. ಅವನಿಗೆ ತಿಳಿಯಬಾರದ್ದು ಮೊದಲು ಅವನಿಗೇ ತಿಳಿಯುತ್ತದೆ. ಕಾಗದವೇ ಒಳ್ಳೆಯದು.

ಸಂಕ್ರಮಣಕ್ಕೆ ಬಂದವಳು ಒಂದು ಕಪ್ಪು ಅಂಗಿ ಕೊಟ್ಟು, "ಆಯಿ, ಕಂಕುಳಾಗ ಹರದೈತಿ, ಹೊಲದು ಕೊರಿಯರ್ ಮಾಡು" ಅಂತ ಹೇಳಿ ಗೋವಾದ ಬಸ್ಸು ಹತ್ತಿದೆ. ಕಪ್ಪು ಅಂದೆ ನೋಡು, ಕಪ್ಪು ಎಲ್ಲಿತ್ತು? ಒಲೆಯ ಬೂದಿಯ ಬಣ್ಣ. ನೂಲಿಗೆ ಬಣ್ಣ ಹಾಕುವ ನೀಲಗಾರರ ಮನೆಯ ಹುಡುಗಿ ಇದನ್ನು ತೊಟ್ಟು ಪರಊರಿನಲ್ಲಿ ತಿರುಗಿದರೆ ನಿಮ್ಮಜ್ಜನ ಮರ್ಯಾದೆ ಏನಾಗಬೇಕು? ನಿಮ್ಮಜ್ಜ ಬಾಬಣ್ಣ ಅದ್ದಿದ ಚಂದ್ರಕಾಳಿ ನೂಲು ಸೀರೆಯಾಗಿ, ಸೀರೆ ಹರಿದು ಕೌದಿಯಾದರೂ ಕಪ್ಪು ಬಿಡುತ್ತಿರಲಿಲ್ಲ.

ಹೊಲಿದು ಕಳಿಸಲು ಮನಸ್ಸಾಗಲಿಲ್ಲ. ನಿಮ್ಮಜ್ಜ ಹೋದಮೇಲೆ ಅಟ್ಟ ಸೇರಿದ್ದ ಬಣ್ಣದ ಹಂಡೆಯನ್ನು ಇಳಿಸಿದೆ. ಶಂಭು ಈಗ ಬಣ್ಣ ಹಾಕಿದ ನೂಲನ್ನೇ ಕೊಂಡು ತಂದು ಪವರ್‌ಲೂಮಿಗೆ ಏರಿಸುತ್ತಾನಲ್ಲ, ಅವನಿಗೆ ಹಂಡೆ ಇದ್ದದ್ದೂ ಮರೆತುಹೋಗಿದೆ. ಎರಡು ಸಲ ಅದ್ದಿದೆ. ಕಾಗೆ ನೋಡಿದರೆ ನಾಚಬೇಕು ಹಾಗಾಗಿದೆ. ಎದೆಯ ಮೇಲೆ ಎತ್ತಿನ ತಲೆಬುರುಡೆ, ಕೋಳಿ ಕೆರೆದಂಥ ಅಕ್ಷರ ಇದ್ದವಲ್ಲ, ಕುದಿಯುವ ನೀರಿಗೆ ಅವು ಆಲೂಗಡ್ಡೆಯ ಸಿಪ್ಪೆಯಂತೆ ಎದ್ದವು. ಉಳಿದದ್ದನ್ನು ತೆಂಗಿನ ಕರಟದಿಂದ ಕೆರೆದು ತೆಗೆದೆ. ಈಗ ಚೊಕ್ಕವಾಗಿದೆ.

ಒಂದು ಮಾತು ಮರೆಯಬೇಡ. ತೊಡುವ ಮೊದಲು ಒಂದು ರಾತ್ರಿ ಉಪ್ಪಿನ ನೀರಿನಲ್ಲಿ ನೆನೆಸು, ಆಮೇಲೆ ನೀರು ತಿಳಿಯಾಗುವ ತನಕ ಜಾಲಿಸು. ಇಲ್ಲವಾದರೆ ಬೆವರಿಗೆ ಬಣ್ಣ ಬಿಡುತ್ತದೆ. ಇಲ್ಲೇ ಮಾಡುತ್ತಿದ್ದೆ, ಆದರೆ ಬಾಜೂಮನೆಯ ಮುರ್ತುಜಸಾಬ ಆಟೋ ಚಾಲೂ ಇಟ್ಟು, "ಲಗೂ ಬಾರವಾ, ಕೊರಿಯರದಂವ ಬಾಗಿಲಾ ಹಾಕ್ತಾನ" ಅಂತ ಬಾಯಿ ಮಾಡುತ್ತಿದ್ದ.

ನಿನ್ನ ಆಯಿ,
ಶೇಖವ್ವ


ಮಡಗಾಂವ
೨ ಫೆಬ್ರವರಿ ೨೦೨೫

ಪ್ರೀತಿಯ ಆಯಿ,

ಅಂಗಿ ಮುಟ್ಟಿತು. ಹೊಲಿಗೆ ಗಟ್ಟಿಯಾಗಿದೆ. ಬಣ್ಣವೂ ಕಪ್ಪಾಗಿದೆ.

ವಾರ್ಡಿನಲ್ಲಿ ಕೆಲಸ ಬಹಳ. ಈ ತಿಂಗಳು ಪೂರ್ತಿ ರಾತ್ರಿ ಪಾಳಿ. ಊಟ ಸರಿಯಾಗಿ ಮಾಡುತ್ತಿದ್ದೇನೆ. ನಾನು ಹಾಡುವ ವಿಷಯ ಅಪ್ಪನಿಗೆ ಹೇಳಬೇಡ. ಮೊಳಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ ಚೇತನಾ


ಇಳಕಲ್
೧೧ ಫೆಬ್ರವರಿ ೨೦೨೫

ಚೇತಿ,

ನಿನ್ನ ಕಾಗದ ಬಂತು. ಕಾಗದವೋ ಔಷಧದ ಚೀಟಿಯೋ ಅಂತ ತಿರುವಿ ನೋಡಿದೆ, ಹಿಂದೆ ಏನೂ ಇರಲಿಲ್ಲ. "ಬಣ್ಣವೂ ಕಪ್ಪಾಗಿದೆ" ಅಂತ ಬರೆದಿದ್ದೀ. ಕಪ್ಪಿಗೆ ಅದ್ದಿದ್ದು ಕಪ್ಪಾಗದೆ ಹಳದಿ ಆಗುತ್ತದೆಯೇ? ನಿನ್ನ ಹಾಡಿನ ಜೊತೆಯ ಹುಡುಗರು ಏನಂದರು ಅಂತ ಒಂದು ಸಾಲಿಲ್ಲ.

ನನಗೆ ಗೊತ್ತಾಯಿತು ಬಿಡು. ನಿನ್ನ ಒಬ್ಬಳ ಅಂಗಿ ಮಿರಿಮಿರಿ ಮಿಂಚಿದರೆ ಉಳಿದವರಿಗೆ ಹೊಟ್ಟೆಕಿಚ್ಚು. ಅದಕ್ಕೇನು, ಅವರ ಅಂಗಿಗಳನ್ನೂ ಕಳಿಸು. ಸಂಕ್ರಮಣದಲ್ಲಿ ನೀನು ತೋರಿಸಿದ ವಿಡಿಯೋದಲ್ಲಿ ನೋಡಿದ್ದೇನೆ, ಎಲ್ಲರದ್ದೂ ಬೂದಿ ಬಣ್ಣವೇ. ಹಂಡೆ ಹೇಗೂ ಇಳಿಸಿ ಆಗಿದೆ, ಕೂಡಿಯೇ ಅದ್ದಿ ಕೊಡುತ್ತೇನೆ.

ಆ ವಿಡಿಯೋ ನೋಡಿದಾಗ ಹೇಳಲಿಲ್ಲ, ಈಗ ಹೇಳುತ್ತೇನೆ. ನೀನು ಬಾಯಿ ಬಿಟ್ಟದ್ದು ನೋಡಿ ಯಾವುದೋ ಹೆಂಗಸಿನ ಹೆರಿಗೆ ಅಂದುಕೊಂಡೆ. ಮೆಟಲ್ ಹಾಡು ಅಂತ ನೀನಂದೆ. ಸರಿ, ತಗಡಿನ ಹಾಡು ಅನ್ನೋಣ. ಫೋನನ್ನು ದವಡೆಗೆ ಒತ್ತಿ ಹಿಡಿದೆನಲ್ಲ, ಹಲ್ಲಿನ ಬೇರು ತನಕ ನಡುಗಿತು. ಕಿವಿ ಹೋದಮೇಲೆ ಹಾಗೆ ಒಳಕ್ಕೆ ಬಂದ ಹಾಡು ಅದೊಂದೇ. ಅಷ್ಟು ತಾಕತ್ತಿನ ಹಾಡಿಗೆ ಇಂಥದೇ ಅಂಗಿ ಯಾಕೆ ಬೇಕು? ಅಂಗಿ ಹಾಡುತ್ತದೆಯೇ?

ಉಪ್ಪಿನಲ್ಲಿ ನೆನೆಸಿದೆಯಾ? ಅದನ್ನೂ ಬರೆದಿಲ್ಲ.

ಶೇಖವ್ವ


ಮಡಗಾಂವ
೨೪ ಫೆಬ್ರವರಿ ೨೦೨೫

ಆಯಿ,

ಮೂರು ಸಲ ಬರೆದು ಹರಿದೆ. ಈಗ ಹರಿಯದೆ ಬರೆಯುತ್ತೇನೆ.

ಆ ಅಂಗಿ ನನ್ನದಲ್ಲ. ನಮ್ಮ ತಂಡದ್ದು. ನಮ್ಮ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದವರೇ ಕೂಡಿ ಕಟ್ಟಿದ ತಂಡ ಇದು, ಹೆಸರು ಕಗ್ಗಲ್ಲು. ಡ್ರಮ್ ಬಾರಿಸುವ ರಾಹುಲ ಬಾದಾಮಿಯವನು, ಹಗಲು ಮೀನಿನ ಲಾರಿ ಓಡಿಸುತ್ತಾನೆ. ಗಿಟಾರಿನ ಅರ್ಷದ ಕಮತಗಿಯವನು, ಏಸಿ ರಿಪೇರಿ. ಮೊದಲು ಹಾಡುತ್ತಿದ್ದವನು ಜಲಾಲುದ್ದೀನ. ಆ ತಲೆಬುರುಡೆ ಅವನು ಕೈಯಲ್ಲಿ ಬರೆದದ್ದು. ಅವನು ಮಸ್ಕತ್ತಿಗೆ ಹೋಗುವಾಗ ಅಂಗಿ ಕಳಚಿ ಮುಂದೆ ಹಾಡುವವನಿಗೆ ಕೊಟ್ಟ. ಅವನು ಅವನ ನಂತರದವನಿಗೆ. ಅಲ್ಲಿಂದ ನನಗೆ ಬಂತು. ಅದನ್ನು ತೊಟ್ಟ ಮೊದಲ ಹುಡುಗಿ ನಾನು.

ಅದು ಸುಮ್ಮನೆ ಮಾಸಿದ್ದಲ್ಲ ಆಯಿ. ಅವರೆಲ್ಲ ಬೆವರಿ ಬೆವರಿ ಬೆಳ್ಳಗೆ ಮಾಡಿದ್ದು. ನಮ್ಮಲ್ಲಿ ಅಂಗಿ ಮಾಸಿದಷ್ಟೂ ಮರ್ಯಾದೆ. ನೀನು ಕೇಳಿದೆ, ಅಂಗಿ ಹಾಡುತ್ತದೆಯೇ ಅಂತ. ಹಾಡುವುದಿಲ್ಲ. ಆದರೆ ಬಸ್ಸಿನಲ್ಲಿ ಅಂಥ ಅಂಗಿ ಕಂಡರೆ ಗುರುತಿಲ್ಲದವನೂ ತಲೆಯಾಡಿಸಿ ನಗುತ್ತಾನೆ. ಊರು ಬಿಟ್ಟು ಬಂದವರಿಗೆ ಅದು ಸಣ್ಣ ಮಾತಲ್ಲ.

ಡಿಸೆಂಬರಿನಲ್ಲಿ ಒಂದು ಕಾರ್ಯಕ್ರಮಕ್ಕೆ ಡ್ಯೂಟಿ ಮುಗಿಸಿ ನರ್ಸಿನ ಬಿಳಿ ಬಟ್ಟೆಯಲ್ಲೇ ಓಡಿದ್ದೆ. ವೇದಿಕೆ ಹತ್ತಿದ ಕೂಡಲೇ ಕೆಳಗಿನಿಂದ ನಮ್ಮ ಕಡೆಯವನೇ ಒಬ್ಬ, "ಸಿಸ್ಟರ್, ಬಿಪಿ ನೋಡಾಕ ಬಂದೀರೇನ್ರಿ?" ಅಂದ. ಇಡೀ ಹಾಲು ನಕ್ಕಿತು. ಹಾಡದೆಯೇ ಇಳಿದು ಬಂದೆ. ಆವತ್ತೇ ಅರ್ಷದ ಆ ಅಂಗಿ ನನ್ನ ಕೈಗೆ ಇಟ್ಟ. "ಇದನ್ನ ಹಾಕ್ಕೊಂಡ ಮ್ಯಾಲ ಯಾವನೂ ನಗಂಗಿಲ್ಲ" ಅಂದಿದ್ದ.

ಈಗ ಅದು ಬೋಳು ಅಂಗಿ. ನೋಡಿ ರಾಹುಲ ಸುಮ್ಮನಾದ. ಅರ್ಷದ ಸುಮ್ಮನಾಗಲಿಲ್ಲ. ಏಪ್ರಿಲ್ ಹನ್ನೆರಡಕ್ಕೆ ವಾಸ್ಕೋದಲ್ಲಿ ದೊಡ್ಡ ಕಾರ್ಯಕ್ರಮವಿದೆ. "ಅಂಗಿ ಮೊದ್ಲಿನಂಗ ಮಾಡ್ಕೊಂಡ ಬಾ. ಇಲ್ಲಾಂದ್ರ ಹಾಡಾಕ ಬ್ಯಾರೆದಾರನ್ನ ನೋಡ್ತೀವಿ" ಅಂದಿದ್ದಾನೆ.

ನಿನ್ನ ಮೇಲೆ ಸಿಟ್ಟಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ಚೇತನಾ


ಇಳಕಲ್
೪ ಮಾರ್ಚ್ ೨೦೨೫

ಚೇತಿ,

ಸಿಟ್ಟು ಇರಲಿ. ಸಿಟ್ಟಿಲ್ಲದ ಹುಡುಗಿ ನಮ್ಮ ಮನೆಯಲ್ಲಿ ಹುಟ್ಟಿಲ್ಲ. ಆದರೆ ಇದನ್ನು ಮೊದಲನೆಯ ಕಾಗದದಲ್ಲೇ ಬರೆಯಬೇಕಾಗಿತ್ತು. ಹುಡುಗರ ಅಂಗಿಗಳನ್ನೂ ಅದ್ದುತ್ತೇನೆ ಅಂತ ಬರೆದ ಮುದುಕಿಯ ಮುಖಕ್ಕೆ ನೀನೇ ಬಣ್ಣ ಬಳಿದೆ.

ಕಾಗದ ಓದಿದ ಮರುದಿನವೇ ಮುರ್ತುಜಸಾಬನನ್ನು ಎಬ್ಬಿಸಿಕೊಂಡು ಬಾಗಲಕೋಟೆಗೆ ಹೋದೆ. ಅಂಗಿಯ ಮೇಲೆ ಚಿತ್ರ ಒತ್ತುವ ಅಂಗಡಿ ಅಲ್ಲಿದೆ ಅಂತ ನಿನ್ನ ಚಿಕ್ಕಮ್ಮ ವಿದ್ಯಾ ಹೇಳಿದ್ದಳು. ಆ ತಲೆಬುರುಡೆಯನ್ನು ನೆನಪಿನಿಂದ ಹಾಳೆಯ ಮೇಲೆ ಬರೆದು ಒಯ್ದಿದ್ದೆ. ಅಂಗಡಿಯವ ಹಾಳೆ ತಿರುಗಿಸಿ ತಿರುಗಿಸಿ ನೋಡಿದ.

"ಇದು ಆಡ ಏನ್ರಿ ಅಮ್ಮಾ?"

"ಆಡಲ್ಲೋ, ಎತ್ತು."

"ಸತ್ತ ಎತ್ತ?"

"ಹಾಡೋ ಎತ್ತ. ಒತ್ತಿ ಕೊಡ್ತೀಯೋ ಇಲ್ಲೋ ಅಷ್ಟ ಹೇಳು. ಆದ್ರ ಹೊಸಾದರಂಗ ಕಾಣಬಾರ್ದು, ಭಾಳ ವರ್ಷದ್ದ ಅನಸ್ಬೇಕು."

ಅವನ ಮುಖ ಅರಳಿತು. "ಅದಕ್ಯಾಕ ಚಿಂತಿ ಮಾಡ್ತೀರಿ? ಹೊಸಾ ಅಂಗಿ ತೊಗೊಂಡು, ಬ್ಲೀಚ ಹೊಡದು, ಕಲ್ಲಿಲೆ ತಿಕ್ಕಿ, ನಾಕ ಕಡೆ ಹರದ ಕೊಡ್ತೀವಿ. ಈಗ ಎಲ್ಲಾರೂ ಅದನ್ನ ಕೇಳ್ತಾರ." ತಂದು ತೋರಿಸಿದ. ಇಡೀ ಕಪಾಟು ತುಂಬ ಒಮ್ಮೆಯೂ ತೊಡದ ಹಳೆಯ ಅಂಗಿಗಳು!

"ನನಗ ಇಷ್ಟ ಕೂದಲಾ ಬೆಳ್ಳಗಾಗಾಕ ಗಂಡನ್ನ ಮಣ್ಣ ಮಾಡಿ, ಮಕ್ಕಳನ್ನ ಸಾಕಬೇಕಾತು," ಅಂದೆ. "ನೀ ಒಂದ ಮಧ್ಯಾಹ್ನದಾಗ ಮಾಡ್ತೀಯಲ್ಲೋ." ಹಾಳೆ ಕಸಿದುಕೊಂಡು ಹೊರಗೆ ಬಂದೆ. ಮುರ್ತುಜಸಾಬ, "ಅವಾ, ಇಷ್ಟ ದೂರ ಬಂದು ಬೈದ ಹೋಗೂದಿದ್ರ ಇಳಕಲ್ಲಾಗ ಅಂಗಡಿ ಇರ್ಲಿಲ್ಲೇನು?" ಅಂತ ಇಡೀ ದಾರಿ ನಕ್ಕ.

ಆ ಅಂಗಿ ಹೋಯಿತು, ಚೇತಿ. ನನ್ನ ಕೈಯಿಂದಲೇ ಹೋಯಿತು. ಮೂವರ ಬೆವರನ್ನು ನಾನು ತೊಳೆದು ಗಟಾರಕ್ಕೆ ಬಿಟ್ಟೆ. ಅದನ್ನು ಬ್ಲೀಚಿನಿಂದ ತಿರುಗಿ ತಂದುಕೊಡುವಷ್ಟು ಸುಳ್ಳಿ ನಾನಲ್ಲ, ನೀನೂ ಆಗಬೇಡ. ಬೋಳು ಅಂಗಿಯನ್ನೇ ತೊಟ್ಟು ನಿಲ್ಲು. ಅದು ಬೇಡವಾದರೆ ಬಿಳಿ ಬಟ್ಟೆಯಲ್ಲಿ ನಿಲ್ಲು. ಆದರೆ ಹನ್ನೆರಡಕ್ಕೆ ನಿಲ್ಲು.

ಶೇಖವ್ವ


ಮಡಗಾಂವ
೧೩ ಮಾರ್ಚ್ ೨೦೨೫

ಆಯಿ,

ಹೇಳುವುದು ಸುಲಭ. ಉಟ್ಟ ಬಟ್ಟೆಯಲ್ಲಿ ಏನೂ ಇಲ್ಲ ಅಂತ ಹೇಳುತ್ತಿರುವವಳು ಯಾರು? ಹೋದ ವರ್ಷ ನಮ್ಮ ಮನೆಯ ತೊಟ್ಟಿಲ ಕಾರ್ಯಕ್ಕೆ ವಿದ್ಯಾ ಚಿಕ್ಕಮ್ಮ ಸೂರತ್ತಿನ ಸೀರೆ ಉಟ್ಟು ಬಂದಾಗ, ಬಂದವರೆಲ್ಲರಿಗೂ ಕುಂಕುಮ ಹಚ್ಚಿ ಅವಳ ಮುಂದೆ ತಾಟು ತಿರುಗಿಸಿಕೊಂಡು ಹೋದವಳು ನೀನೇ ಅಲ್ಲವೇ? "ಇಳಕಲ್ಲ ಸೊಸಿ ಇಳಕಲ್ಲ ಸೀರಿ ಉಡಬೇಕು" ಅಂದೆ. ಚಿಕ್ಕಮ್ಮ ಅಡುಗೆಮನೆಯಲ್ಲಿ ಅತ್ತದ್ದು ನಿನಗೆ ಕೇಳಿಸಲಿಲ್ಲ, ನನಗೆ ಕೇಳಿಸಿತ್ತು. ಅರ್ಷದ ನನಗೆ ಮಾಡಿದ್ದೂ ಅದನ್ನೇ. ಅವನದು ತಪ್ಪಾದರೆ ನಿನ್ನದೂ ತಪ್ಪು.

ನಾನು ರಾಹುಲನಿಗೆ ಹೇಳಿಬಿಟ್ಟೆ, ಇನ್ನು ಬರುವುದಿಲ್ಲ ಅಂತ. ಅವನು ಕೇಳಿಕೊಂಡು ಲಾರಿ ಹತ್ತಿ ಹೋದ.

ನರ್ಸಿಂಗ್ ಹಾಸ್ಟೆಲಿಗೆ ಬಂದ ಹೊಸದರಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ನಮ್ಮ ಮನೆಯ ಗೋಡೆಯಾಚೆ ಪವರ್‌ಲೂಮ್ ಬಡಿಯುತ್ತಲೇ ಇರುತ್ತಿತ್ತಲ್ಲ, ಇಲ್ಲಿ ಅದಿಲ್ಲ. ಗೆಳತಿಯೊಬ್ಬಳು ಚೇಷ್ಟೆಗೆ ಅಂತ ನನ್ನ ಕಿವಿಗೆ ಈ ಸಂಗೀತ ಹಚ್ಚಿದಳು. ನಾನು ಮಲಗಿಬಿಟ್ಟೆ. ಬೆಳಿಗ್ಗೆ ಎದ್ದಾಗ ಮನೆಯಲ್ಲಿದ್ದೇನೆ ಅನಿಸಿತ್ತು. ಇದನ್ನು ಯಾರಿಗೂ ಹೇಳಿಲ್ಲ. ಅರ್ಷದನಿಗೆ ಹೇಳಿದರೆ ಇದೂ ಮೆಟಲ್ ಅಲ್ಲ ಅಂತಾನೆ.

ಈಗ ಅದೂ ಮುಗಿಯಿತು. ಮತ್ತೆ ಈ ಬಗ್ಗೆ ಬರೆಯಬೇಡ.

ಚೇತನಾ


ಇಳಕಲ್
೨೧ ಮಾರ್ಚ್ ೨೦೨೫

ಚೇತಿ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ.

ಸೂರತ್ತಿನ ಸೀರೆಯ ಮಾತು ಬೇರೆ. ಆ ಅಗ್ಗದ ಸೀರೆ ಬಂದು ನಮ್ಮ ಹಂಡೆಯ ಕೆಳಗಿನ ಬೆಂಕಿ ಆರಿಸಿತು. ನಿಮ್ಮಜ್ಜ ಕೊನೆಕೊನೆಗೆ ಖಾಲಿ ಹಂಡೆಯ ಮುಂದೆ ಕೂತು ಬೀಡಿ ಸೇದುತ್ತಿದ್ದದ್ದು ನೀನು ನೋಡಿಲ್ಲ. ಅದನ್ನು ನೋಡಿದವಳ ಕೈ ಆ ಸೀರೆಯ ಕಡೆಗೆ ಹೋಗುವುದಿಲ್ಲ. ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಎರಡು ದಿನ ಬಿಟ್ಟು ಮತ್ತೆ ಹಿಡಿದಿದ್ದೇನೆ. ವಿದ್ಯಾ ಅತ್ತಳು ಅಂತ ಯಾರೂ ನನಗೆ ಹೇಳಿರಲಿಲ್ಲ. ಕಿವುಡಿಯ ಮನೆಯಲ್ಲಿ ಎಲ್ಲರಿಗೂ ಸುಮ್ಮನೆ ಅಳುವ ಸೌಕರ್ಯ ಇದೆ.

ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ನಿನ್ನದನ್ನು ನೋಡಿಕೋ. ಇದರ ಜೊತೆ ನಿನ್ನ ಹುಡುಗರಿಗೆ ಒಂದು ಕಾಗದ ಇಟ್ಟಿದ್ದೇನೆ. ನೀನು ಓದಬೇಡ. ಓದುತ್ತೀ, ಗೊತ್ತು. ಓದಿದ ಮೇಲಾದರೂ ಕೊಡು.

ಶೇಖವ್ವ

(ಜೊತೆಗಿಟ್ಟ ಕಾಗದ)

ರಾಹುಲಪ್ಪ, ಅರ್ಷದಪ್ಪ,

ನಿಮ್ಮ ಅಂಗಿ ಹಾಳು ಮಾಡಿದ ಮುದುಕಿ ನಾನು. ಬೈಯುವುದಿದ್ದರೆ ನನಗೆ ಬೈಯಿರಿ. ಕೇಳಿಸುವುದಿಲ್ಲ, ಹಾಗಾಗಿ ಬರೆದು ಬೈಯಿರಿ.

ಅರ್ಷದಪ್ಪ, ನೀನು ಕಮತಗಿಯವನು. ಮೊಹರಮ್ಮಿನ ಹುಲಿ ವೇಷ ನಿನಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಗುಡೂರಿನಲ್ಲಿ ಅಹ್ಮದಸಾಬ ಅಂತ ಒಬ್ಬನಿದ್ದ. ಹುಲಿ ಕುಣಿದರೆ ಅವನೇ ಕುಣಿಯಬೇಕು. ಒಂದು ವರ್ಷ ಅವನಿಗೆ ಮೈಯೆಲ್ಲ ಬೊಬ್ಬೆ ಎದ್ದು ಬಣ್ಣ ಹಚ್ಚಿಸಿಕೊಳ್ಳಲು ಆಗಲಿಲ್ಲ. ಹರಕೆ ಇತ್ತು, ಬಿಡುವ ಹಾಗಿಲ್ಲ. ಹಾಗೇ ಬರಿಮೈಯಲ್ಲಿ ಅಖಾಡಕ್ಕೆ ಇಳಿದ. ಹಿರಿಯರು ಬೇಡ ಅಂದರು, ಹುಡುಗರು ನಕ್ಕರು. ಹಲಗೆ ಬಡಿದ ಮೇಲೆ ಅವನು ಒಂದು ಸಲ ತಿರುಗಿ ನೋಡಿದ ನೋಡು, ನಕ್ಕ ಹುಡುಗರೇ ಮೊದಲು ಓಡಿದರು. ನಾನೂ ಓಡಿದೆ. ಓಡಿ ಹಿಂದೆ ನೋಡಿದರೆ, ಮೈತುಂಬ ಪಟ್ಟೆ ಬಳಿಸಿಕೊಂಡ ಇನ್ನೊಂದು ಹುಲಿ ಬೇವಿನ ಗಿಡದ ಬುಡದಲ್ಲಿ ಬೀಡಿ ಸೇದುತ್ತ ನಿಂತಿತ್ತು.

ವೇಷ ಬೇಡ ಅಂತ ನಾನು ಹೇಳುವುದಿಲ್ಲ. ಬಣ್ಣ ಹಾಕಿ ಹೊಟ್ಟೆ ಹೊರೆದ ಮನೆ ನಮ್ಮದು. ಆದರೆ ಮರುವರ್ಷ ಅಹ್ಮದಸಾಬ ಬಣ್ಣ ಹಚ್ಚಿಸಿಕೊಂಡಾಗ, ಬಣ್ಣಕ್ಕೆ ಬೆಲೆ ಬಂದದ್ದು ಅವನಿಂದ. ನಿಮ್ಮ ಆ ಅಂಗಿ ಹೊಸದಿದ್ದಾಗ ಅದರ ಮೇಲೆ ಯಾರ ಬೆವರಿತ್ತು? ಜಲಾಲುದ್ದೀನ ಯಾವುದನ್ನು ತೊಟ್ಟು ಮೊದಲ ಸಲ ನಿಂತ? ಅವನಿಗೆ ಮಾಸಿದ ಅಂಗಿ ಯಾರು ಕೊಟ್ಟಿದ್ದರು?

ನಮ್ಮ ಹುಡುಗಿಯನ್ನು ಒಂದು ಸಲ ನಿಲ್ಲಿಸಿ. ಹಾಡದಿದ್ದರೆ ಇಳಿಸಿ. ಅಂಗಿ ನೋಡಿ ಇಳಿಸಬೇಡಿ.

ಶೇಖವ್ವ, ಇಳಕಲ್


ಇಳಕಲ್
೫ ಏಪ್ರಿಲ್ ೨೦೨೫

ಚೇತಿ,

ಯುಗಾದಿ ಆಯಿತು, ನಿನ್ನ ಕಾಗದವಿಲ್ಲ. ಅಂಚೆಯವನು ನನ್ನನ್ನು ಕಂಡರೆ ಸೈಕಲ್ಲನ್ನು ಇನ್ನೊಂದು ಓಣಿಗೆ ತಿರುಗಿಸುತ್ತಾನೆ.

ಹಬ್ಬಕ್ಕೆ ವಿದ್ಯಾ ಬಂದಿದ್ದಳು. ಬೇಕೆಂದೇ ಸೂರತ್ತಿನದನ್ನೇ ಉಟ್ಟಿದ್ದಳು, ಹಸಿರು, ಜರಿ ಬೇರೆ ಮಿಂಚುತ್ತಿತ್ತು. ನನ್ನೆದುರಿಗೆ ಬಂದು ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕುಂಕುಮದ ಭರಣಿ ತಂದು ಹಚ್ಚಿದೆ. ಅವಳ ಹಣೆಯೇನೂ ಸೂರತ್ತಿನದಲ್ಲವಲ್ಲ. ಸೀರೆ ಮಾತ್ರ ಕೆಟ್ಟದ್ದೇ ಇದೆ, ಅದನ್ನೂ ಹೇಳಿದೆ. ಅವಳು ನಕ್ಕು, "ಅತ್ತಿ, ನಿಮಗ ಸುಳ್ಳ ಹೇಳಾಕ ಬರಂಗಿಲ್ಲ ಬಿಡ್ರಿ" ಅಂದಳು.

ನನ್ನದು ನಾನು ಮಾಡಿ ಮುಗಿಸಿದೆ. ಹನ್ನೆರಡರ ಸಂಜೆ ನಾನು ಪವರ್‌ಲೂಮಿನ ಗೋಡೆಗೆ ಅಂಗೈ ಇಟ್ಟು ಕೂರುವವಳು. ನೀನು ಎಲ್ಲಿರುತ್ತೀ ಅನ್ನುವುದು ನಿನಗೆ ಬಿಟ್ಟದ್ದು.

ಶೇಖವ್ವ


ಮಡಗಾಂವ
೧೫ ಏಪ್ರಿಲ್ ೨೦೨೫

ಆಯಿ,

ನಿನ್ನ ಕಾಗದವನ್ನು ಹುಡುಗರಿಗೆ ಕೊಡದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ವಿದ್ಯಾ ಚಿಕ್ಕಮ್ಮನಿಗೆ ಕುಂಕುಮ ಹಚ್ಚಿದೆ ಅಂತ ಓದಿದ ದಿನ ಒಯ್ದು ಕೊಟ್ಟೆ. ನೀನು ಅಷ್ಟು ಮಾಡಿದ ಮೇಲೆ ನಾನು ಮಲಗಿರುವುದು ಸರಿ ಕಾಣಲಿಲ್ಲ.

ಅರ್ಷದ ಎರಡು ಸಲ ಓದಿದ. "ನಿಮ್ಮ ಆಯಿ ಭಾಳ ಖಾರ ಅದಾಳ. ಆದ್ರ ಹುಲಿ ಬ್ಯಾರೆ, ಮೆಟಲ್ ಬ್ಯಾರೆ" ಅಂದ. ನಾನು ಅಂದೆ, "ಬ್ಯಾರೆ ಇರ್ಲಿ. ಹಾಡಾಕಿ ನಾ. ಹನ್ನೆರಡಕ್ಕ ಬರಾಕಿ. ಬ್ಯಾಡಂದ್ರ ಸ್ಟೇಜ್ ಮ್ಯಾಲ ಹೇಳು." ರಾಹುಲ ಅವತ್ತು ಮೊದಲ ಸಲ ಬಾಯಿ ಬಿಟ್ಟ: "ಬರ್ಲಿ ಬಿಡಲೇ. ನಾ ಬಾರ್ಸೂದು ಅಂಗಿಗಲ್ಲ."

ಟ್ರಂಕಿನ ಅಡಿಯಲ್ಲಿ ಬಿಸಾಕಿದ್ದ, ನೀನು ಅದ್ದಿದ ಅಂಗಿ ತೆಗೆದು ತೊಟ್ಟೆ. ಅಲ್ಲಿ ಬಂದವರೆಲ್ಲರ ಎದೆಯ ಮೇಲೂ ಯಾವುದಾದರೂ ತಂಡದ ಹೆಸರು, ಚಿತ್ರ. ನನ್ನ ಎದೆ ಒಂದೇ ಬೋಳು. ಹತ್ತಿದ ಕೂಡಲೇ ಕೂಗು ಬಂತು, "ಯಕ್ಕಾ, ಅಂಗಿಗೆ ಹೆಸರಿಡೂದ ಮರತಿಯೇನ?" ಡಿಸೆಂಬರಿನಂತೆಯೇ ನಕ್ಕರು. ನನ್ನ ಕಾಲು ಹಿಂದಕ್ಕೆ ಸರಿಯಿತು ಆಯಿ, ಸುಳ್ಳು ಹೇಳುವುದಿಲ್ಲ. ಆಗ ರಾಹುಲ ಬಾರಿಸಲು ಶುರು ಮಾಡಿದ. ನೀನು ಗೋಡೆಗೆ ಕೈ ಇಟ್ಟು ಕೂತಿದ್ದೀ ಅನ್ನುವುದು ನೆನಪಾಯಿತು. ಅಲ್ಲಿಂದ ಮುಂದೆ ನಾನು ಯಾರ ಮುಖವನ್ನೂ ನೋಡಲಿಲ್ಲ.

ಏಪ್ರಿಲ್ ತಿಂಗಳ ವಾಸ್ಕೋ, ಮೇಲೆ ದೀಪಗಳು. ಎರಡನೆಯ ಹಾಡಿಗೆ ಬೆವರು ಧಾರೆಯಾಗಿ ಇಳಿಯಿತು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ. ಎದುರಿದ್ದವರು ಒಮ್ಮೆಲೆ ಹೋ ಅಂದರು. ಯಾಕೆ ಅಂತ ತಿಳಿಯಲಿಲ್ಲ. ಮತ್ತೆ ಒರೆಸಿಕೊಂಡೆ, ಇನ್ನೂ ಜೋರಾಗಿ ಕೂಗಿದರು. ಕೈ ನೋಡಿಕೊಂಡರೆ ಮೊಳಕೈತನಕ ಕಪ್ಪು. ಕೊರಳು ಕಪ್ಪು, ಕೆನ್ನೆ ಕಪ್ಪು, ಮೈಕು ಕಪ್ಪು. ಈ ಸಂಗೀತದಲ್ಲಿ ಕೆಲವರು ಮುಖಕ್ಕೆ ಕಪ್ಪು ಬಳಿದುಕೊಂಡೇ ಹಾಡುತ್ತಾರೆ. ನಾನೂ ಬೇಕೆಂದೇ ಹಾಗೆ ಮಾಡಿಕೊಂಡು ಬಂದಿದ್ದೇನೆ ಅಂದುಕೊಂಡರು.

ಇಳಿದ ಮೇಲೆ ಅರ್ಷದ ಓಡಿ ಬಂದ. "ಹಾಡಿಗೊಂದೊಂದ ಗೆರಿ ಇಳದು ಬಂತಲ್ಲ, ಹೆಂಗ ಮಾಡಿದಿ? ಯಾವ ಕಂಪನಿ ಪೇಂಟ?" "ಶೇಖವ್ವ ಕಂಪನಿ" ಅಂದೆ. ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ನಗಲಿಲ್ಲ. "ಅಂಗಿ ನಿನ್ನ ಕಡೆನ ಇರ್ಲಿ. ಮುಂದ ಹಾಡಾವ್ರಿಗೆ ನೀನ ಕೊಡಾಕಿ" ಅಂದ. ಹೊರಗೆ ಒಬ್ಬ ಮಾತ್ರ, ಅಂಗಿಗೆ ಹೆಸರಿಲ್ಲದವಳು ಖರೆ ಮೆಟಲ್ ಅಲ್ಲ ಅಂತ ವಾದ ಮಾಡುತ್ತಲೇ ಇದ್ದನಂತೆ. ಮಾಡಲಿ.

ಈಗ ನಿನಗೆ ತಿಳಿದಿರಬೇಕು. ನಾನು ಅದನ್ನು ಉಪ್ಪಿನ ನೀರಿನಲ್ಲಿ ನೆನೆಸಲೇ ಇಲ್ಲ. ಸಿಟ್ಟಿಗೆ ಹಾಗೇ ಬಿಸಾಕಿದ್ದೆ.

ಫೋಟೋ ಇಟ್ಟಿದ್ದೇನೆ. ಅಪ್ಪನಿಗೆ ತೋರಿಸಬೇಡ.

ನಿನ್ನ ಚೇತಿ


ಇಳಕಲ್
೨೨ ಏಪ್ರಿಲ್ ೨೦೨೫

ಚೇತಿ,

ನೆನೆಸಿಲ್ಲ ಅನ್ನುವುದು ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ಕೇಳಿದ್ದಕ್ಕೆ ಉತ್ತರ ಬರೆಯದವಳು ಕೆಲಸ ಮಾಡಿರುವುದಿಲ್ಲ. ಮೂರು ತಲೆಮಾರು ಬಣ್ಣ ಹಾಕಿದ ಮನೆಯ ಕಪ್ಪನ್ನು ಊರ ಮುಂದೆ ಬಿಡಿಸಿಕೊಂಡು ನಿಂತೆಯಲ್ಲ, ನಿಮ್ಮಜ್ಜ ಇದ್ದಿದ್ದರೆ ಇಬ್ಬರನ್ನೂ ಹಂಡೆಯಲ್ಲಿ ಅದ್ದುತ್ತಿದ್ದ.

ಹನ್ನೆರಡರ ಸಂಜೆ ಗೋಡೆಗೆ ಕೈ ಇಟ್ಟು ಕೂತಿದ್ದೆ. ಕರೆಂಟು ಹೋಗಿ ಮಗ್ಗ ನಿಂತರೂ ಕೈ ತೆಗೆಯಲಿಲ್ಲ. ಹಬ್ಬಕ್ಕೆ ಬಂದು ಇಲ್ಲೇ ಉಳಿದಿದ್ದ ವಿದ್ಯಾ ನೋಡಿ ಮುದುಕಿಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು. ಏನೂ ಕೇಳದೆ ಬಾಜೂಕ್ಕೆ ಚಹಾ ಇಟ್ಟು ಹೋದಳು.

ಫೋಟೋ ತೋರಿಸಬೇಡ ಅಂದೆ. ತೋರಿಸಿದೆ. ನಿನ್ನ ಮುಖದ ಮೇಲೆ ನಮ್ಮ ಮನೆಯ ಬಣ್ಣ ಇಳಿದಿರುವಾಗ ಮನೆಯ ಗಂಡಸಿನಿಂದ ಅದನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ನಿನ್ನೆ ಅವನು ಊಟಕ್ಕೆ ಕೂತಾಗ ತಾಟಿನ ಬಾಜೂಕ್ಕೆ ಇಟ್ಟೆ. ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಯಾರಿದು? ನಮ್ಮ ಚೇತಿ?"

"ಹೂಂ."

"ಬಾಯಿ ಯಾಕ ಹಂಗ ತಗದಾಳ?"

"ಹಾಡಾಕತ್ಯಾಳ."

ಫೋಟೋ ಹತ್ತಿರಕ್ಕೆ ಎಳೆದುಕೊಂಡ. ಬೈಯುತ್ತಾನೆ ಅಂತ ನಾನೂ ಬಾಯಿ ಸಾಣೆ ಹಿಡಿದು ಕೂತಿದ್ದೆ.

"ಕೊಳ್ಳಾಗೇನದು? ಏನ ಹತ್ತೈತಿ?"

"ನಮ್ಮ ಮನೀ ಬಣ್ಣ," ಅಂದೆ. "ಹಂಡೆ ಇಳಿಸಿದ್ದೆ."

ಎದ್ದ. ಎಂಜಲು ಕೈಯಲ್ಲೇ ಫೋಟೋ ಹಿಡಿದು ಬಾಗಿಲಿನ ಬೆಳಕಿಗೆ ಒಯ್ದ. ನಿಮ್ಮಜ್ಜ ನೂಲಿನ ಲಡಿಯನ್ನು ಹಾಗೇ ಬೆಳಕಿಗೆ ಹಿಡಿಯುತ್ತಿದ್ದ. ಅವನು ನನಗೆ ಬೆನ್ನು ಮಾಡಿ ಏನೋ ಅಂದ. ತುಟಿ ಕಾಣಲಿಲ್ಲ. "ಇತ್ತ ತಿರಗಿ ಅನ್ನೋ" ಅಂತ ಒದರಿದೆ. ತಿರುಗಿದ. ಕಣ್ಣು ಒದ್ದೆ ಇತ್ತೋ, ಮೆಣಸಿನಕಾಯಿ ಕಚ್ಚಿದ್ದನೋ, ನನಗೆ ಗೊತ್ತಿಲ್ಲ.

"ಉಪ್ಪ ಕಡಿಮಿ ಬಿದ್ದೈತಿ," ಅಂದ.

ಅಷ್ಟೇ. ಕೂತು ಉಳಿದ ರೊಟ್ಟಿ ತಿಂದ. ಇವತ್ತು ಬೆಳಿಗ್ಗೆ ನೋಡಿದರೆ ಹಂಡೆಯ ತಳದ ಮಸಿ ತಿಕ್ಕಿ ಹಿತ್ತಲಲ್ಲಿ ಬೋರಲು ಹಾಕಿದ್ದಾನೆ.

ಮೊಹರಮ್ಮಿಗೆ ರಜೆ ಹಾಕು. ಆ ಅಂಗಿಯನ್ನು ಇನ್ನು ಉಪ್ಪಿನಲ್ಲಿ ನೆನೆಸಬೇಡ, ನನಗೆ ಕೊರಿಯರ್ ಮಾಡಲೂ ಬೇಡ. ಅದ್ದುವುದು ನನ್ನ ಕೆಲಸ, ಮುಗಿಯಿತು. ಬೂದಿ ಬಣ್ಣಕ್ಕೆ ತರುವುದು ನಿನ್ನದು. ಚೀಲದಲ್ಲಿ ಮಡಚಿ ತರಬೇಡ. ತೊಟ್ಟುಕೊಂಡೇ ಬಸ್ಸಿನಿಂದ ಇಳಿ.

ಶೇಖವ್ವ